ಕಾಫಿ ಉಪ್ಪು, ಎಸ್‌ಎನ್‌ಎಫ್ 8.1, ಹಸು ನೋಡಿದರೆ ಗಟ್ಟಿಮುಟ್ಟು. ಏನಿದು?

ಕೈವಾರದಕ್ಕ (ಚಿಂತಾಮಣಿ)
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಸೀಮೆಹಸು. ಗೌರಿ, ಲಕ್ಷ್ಮಿ ಎರಡೂ ಎಚ್‌ಎಫ್ ತಳಿ, ಚಿನ್ನು ಜರ್ಸಿ ತಳಿ. ಹದಿನೈದು ದಿನದ ಹಿಂದೆ ಬೆಳಗ್ಗೆ ನಮ್ಮ ಮಾವ ಒಂದು ಗುಟುಕು ಕಾಫಿ ಕುಡಿದು ಲೋಟ ಕೆಳಗಿಟ್ಟು "ಸಕ್ಕರೆ ಅಂದ್ಕೊಂಡು ಉಪ್ಪು ಹಾಕಿದ್ದೀಯೇನಮ್ಮಾ" ಅಂದರು. ವಯಸ್ಸಾಯ್ತು, ನಾಲಿಗೆ ಕೆಟ್ಟಿದೆ ಅಂತ ನಾನು ಸುಮ್ಮನಾದೆ. ಮಾರನೇ ದಿನವೂ ಅದೇ ಮಾತು. ಕೊನೆಗೆ ಕಾಯಿಸಿದ ಹಾಲನ್ನು ಸಕ್ಕರೆ ಇಲ್ಲದೆ ಕುಡಿದು ನೋಡಿದೆ. ನಿಜ, ಒಂಚೂರು ಉಪ್ಪುಪ್ಪು. ಮನೆಗೆ ಇಟ್ಟುಕೊಳ್ಳುವುದು ಯಾವಾಗಲೂ ಗೌರಿ ಹಾಲು.

ಅದೇ ವಾರ ಡೈರಿಯಲ್ಲಿ ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು, ನೀರು ಬಿಟ್ಟು ಮಿಕ್ಕ ಗಟ್ಟಿ ಅಂಶ) 8.5 ಇದ್ದದ್ದು 8.1 ಆಯಿತು. ಫ್ಯಾಟ್ 3.9, ಅದು ಇಳಿದಿಲ್ಲ. ಹಾಲು ಬರೆದುಕೊಳ್ಳುವವರು ಸಾಲಿನಲ್ಲಿದ್ದ ಹತ್ತು ಜನರ ಮುಂದೆ "ನೀರು ಸ್ವಲ್ಪ ಕಮ್ಮಿ ಹಾಕಿಮ್ಮಾ" ಅಂದುಬಿಟ್ಟರು. ನೀರು ಹಾಕಿಲ್ಲ ಅಂತ ಯಾರ ಮೇಲೆ ಆಣೆ ಮಾಡಲಿ? ಗೌರಿ ಬೆಳಗ್ಗೆ 9 ಲೀಟರ್ ಕೊಡುತ್ತಿದ್ದಳು, ಈಗ ಏಳೂವರೆ. ಡಾಕ್ಟರ್ ಬಂದು ಕೆಚ್ಚಲು ಒತ್ತಿ ನೋಡಿದರು. ಬಾವು ಇಲ್ಲ, ಜ್ವರ ಇಲ್ಲ, ಮೇವು ಚೆನ್ನಾಗಿ ತಿನ್ನುತ್ತಿದೆ, ಮಿನರಲ್ ಮಿಕ್ಸ್ಚರ್ ಕೊಡಿ ಅಂತ ಹೇಳಿ ಹೋದರು. ಹಾಲಿನಲ್ಲೂ ಗಂಟು ಗಿಂಟು ಏನೂ ಇಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

ರಾಗಿಹುಲ್ಲು (ಗುಬ್ಬಿ)
ಮೇವು ಅಕ್ಕ, ಮೇವು. ಬರೀ ಹಸಿ ನೇಪಿಯರ್ ಹುಲ್ಲು ಹಾಕಿ ಹಿಂಡಿ ಬೂಸಾ ಕಮ್ಮಿ ಮಾಡಿದರೆ ಎಸ್‌ಎನ್‌ಎಫ್ ಬೀಳುತ್ತೆ. ಜೋಳದ ಹಿಟ್ಟು ಕೊಡಿ, ವಾರದಲ್ಲಿ ಮೇಲೆ ಬರುತ್ತೆ.

ಶಿರಾ_ಸೀನ
ನಿಜ ಹೇಳಿ, ಒಂದು ಚೊಂಬು ಕೂಡ ಹಾಕಿಲ್ವಾ?

ಕೈವಾರದಕ್ಕ
ಸೀನಣ್ಣ, ನಮ್ಮೂರಲ್ಲಿ ಬೋರ್‌ವೆಲ್‌ಗೆ ಸಾವಿರ ಅಡಿ ಇಳಿದರೂ ನೀರಿಲ್ಲ. ಹಾಲಿಗೆ ಹಾಕಲು ಎಲ್ಲಿಂದ ತರಲಿ? ಮೇವು ಬದಲಾಗಿಲ್ಲ. ಅದೇ ರಾಗಿಹುಲ್ಲು, ಅದೇ ಮುಸುಕಿನ ಜೋಳ, ಅದೇ ಹಿಂಡಿ. ಮೂರಕ್ಕೂ ಒಂದೇ ಬಾನಿ. ಉಪ್ಪಾಗಿರುವುದು ಗೌರಿ ಹಾಲು ಮಾತ್ರ.

ಮುಳಬಾಗಿಲು_ಮಂಜ
ಡೈರಿಯವರ ಲೆಕ್ಕವೇ ತಪ್ಪು. ನೀರು ಬೆರೆಸಿದರೆ ಫ್ಯಾಟೂ ಇಳಿಯಬೇಕು, ಎಸ್‌ಎನ್‌ಎಫ್ ಕೂಡ ಇಳಿಯಬೇಕು, ಎರಡೂ ಒಟ್ಟಿಗೆ. ನಿಮ್ಮದು ಫ್ಯಾಟ್ 3.9ರಲ್ಲೇ ಕೂತಿದೆ. ಅಂದಮೇಲೆ ನೀರಲ್ಲ. ಹಳೇ ಚೀಟಿ ಎಲ್ಲ ಜೋಡಿಸಿಟ್ಟುಕೊಂಡು ಹೋಗಿ ತೋರಿಸಿ. ಜಗಳ ಬೇಡ, ತೋರಿಸಿ ಅಷ್ಟೇ.

ಹಳೇ_ಡಾಕ್ಟ್ರು (ಕೋಲಾರ)
ಮೂವತ್ತು ವರ್ಷ ಪಶುವೈದ್ಯನ ಕೆಲಸ ಮಾಡಿ ನಿವೃತ್ತನಾದವನು ನಾನು. ಮಂಜ ಹೇಳಿದ್ದು ಮುಕ್ಕಾಲು ಸರಿ. ಫ್ಯಾಟ್ ದಿನದಿಂದ ದಿನಕ್ಕೆ ಏರಿಳಿಯುತ್ತೆ, ಒಂದು ಚೀಟಿ ಹಿಡಿದು ತೀರ್ಮಾನ ಮಾಡಬೇಡಿ. ಆದರೆ ಉಪ್ಪು ರುಚಿ, ಎಸ್‌ಎನ್‌ಎಫ್ ಇಳಿತ, ಒಂದೇ ಹಸುವಿನಲ್ಲಿ ಹಾಲು ಕಡಿಮೆ, ಈ ಮೂರೂ ಒಟ್ಟಿಗೆ ಬಂದರೆ ನಾನು ಮೊದಲು ಅನುಮಾನ ಪಡುವುದು ಗುಪ್ತ ಕೆಚ್ಚಲು ಬಾವನ್ನು. ನಾವು ಸಬ್‌ಕ್ಲಿನಿಕಲ್ ಅಂತೀವಿ. ಹೆಸರಿಗೆ ಬಾವು ಅಷ್ಟೇ, ಊತ ಇರಲ್ಲ, ನೋವಿರಲ್ಲ, ಹಾಲೂ ಹಾಲಿನ ಹಾಗೇ ಇರುತ್ತೆ.

ಆಗುವುದು ಏನು ಅಂದರೆ, ತೊಟ್ಟಿನ ತುದಿಯ ತೂತಿನಿಂದ ಬ್ಯಾಕ್ಟೀರಿಯಾ ಒಳಗೆ ಹತ್ತುತ್ತೆ. ಅದನ್ನು ಓಡಿಸಲು ರಕ್ತದಿಂದ ಬಿಳಿ ಕಣಗಳು ಹಾಲಿಗೆ ಇಳಿಯುತ್ತವೆ. ಆರೋಗ್ಯವಾಗಿರುವ ಕೆಚ್ಚಲಲ್ಲಿ ಒಂದು ಮಿಲಿ ಹಾಲಿಗೆ ಸಾಮಾನ್ಯವಾಗಿ 1 ಲಕ್ಷದ ಒಳಗೇ ಕಣ ಇರುತ್ತವೆ, 2 ಲಕ್ಷ ದಾಟಿದರೆ ಒಳಗೆ ಸೋಂಕಿದೆ ಅಂತ ಲೆಕ್ಕ. ಈ ಗುದ್ದಾಟದಲ್ಲಿ ಹಾಲು ತಯಾರಿಸುವ ಜೀವಕೋಶಗಳು ಏಟು ತಿನ್ನುತ್ತವೆ. ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಕಡಿಮೆಯಾಗುತ್ತೆ. ಆ ಜಾಗಕ್ಕೆ ರಕ್ತದ ಸೋಡಿಯಂ, ಕ್ಲೋರೈಡ್ ಸೋರಿಕೊಂಡು ಬರುತ್ತೆ. ನಿಮ್ಮ ಮಾವನ ನಾಲಿಗೆಗೆ ಸಿಕ್ಕಿದ್ದು ಅದೇ. ಎಸ್‌ಎನ್‌ಎಫ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಲ್ಯಾಕ್ಟೋಸ್‌ನದೇ, ಹಾಗಾಗಿ ಅದು ಇಳಿದರೆ ಇದೂ ಇಳಿಯುತ್ತೆ. ಮಾವನಿಗೆ ನನ್ನ ನಮಸ್ಕಾರ ಹೇಳಿ, ಅವರ ನಾಲಿಗೆ ನೆಟ್ಟಗಿದೆ.

ಬಂದು ಹೋದ ಡಾಕ್ಟರನ್ನು ಬೈಯಬೇಡಿ. ಇದು ಕೈಗೆ ಸಿಗುವ ಕಾಯಿಲೆಯೇ ಅಲ್ಲ. ಅವರು ಹಾಲು ಪರೀಕ್ಷೆ ಮಾಡಬೇಕಿತ್ತು, ಅಷ್ಟೇ.

ತಿಪಟೂರು_ತೆಂಗು
ದೃಷ್ಟಿ ಆಗಿರಬಹುದು. ನಮ್ಮಜ್ಜಿ ಇದ್ದಾಗ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು, ಮೂರೇ ದಿನಕ್ಕೆ ಹಾಲು ಸರಿಹೋಗುತ್ತಿತ್ತು.

ಶಿರಾ_ಸೀನ
ಮೆಣಸಿನಕಾಯಿ ರೇಟು ನೋಡಿದ್ದೀಯಾ ಗುರು? ಡಾಕ್ಟರ್ ಫೀಸೇ ಅಗ್ಗ.

ತಿಪಟೂರು_ತೆಂಗು
ತಮಾಷೆ ಮಾಡಿ ಪರವಾಗಿಲ್ಲ. ಸರಿಹೋಗುತ್ತಿದ್ದದ್ದು ಮಾತ್ರ ನಿಜ, ನಾನು ಕಣ್ಣಾರೆ ನೋಡಿದ್ದೇನೆ.

ಹಳೇ_ಡಾಕ್ಟ್ರು
ಸರಿಹೋಗಿರಬಹುದು, ಸುಳ್ಳು ಅನ್ನಲ್ಲ. ಕೆಲವು ಸಣ್ಣ ಸೋಂಕು ಹಸು ತಾನೇ ಗೆದ್ದುಕೊಳ್ಳುತ್ತೆ. ಅಜ್ಜಿ ಕಾಲದಲ್ಲಿ ಇದ್ದದ್ದು ಎರಡು ಲೀಟರ್ ಕೊಡುವ ನಾಟಿ ಹಸು, ಕರು ಕುಡಿದು ಮಿಕ್ಕಿದ್ದು ಮನೆಗೆ. ಈಗ ಇರುವುದು ಹದಿನೈದು ಇಪ್ಪತ್ತು ಲೀಟರ್ ಕೆಚ್ಚಲು. ಭಾರ ಬೇರೆ, ಅಪಾಯ ಬೇರೆ.

ಮಾಲೂರಮ್ಮ
ನನಗೆ ಎರಡು ವರ್ಷದ ಹಿಂದೆ ಹೀಗೇ ಆಗಿತ್ತು. ಬಟ್ಟೆ ಸೋಪಿನ ಪುಡಿಯಲ್ಲಿ ನೋಡುವುದನ್ನು ಒಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅರ್ಧ ಲೀಟರ್ ನೀರಿಗೆ 15 ಗ್ರಾಂ ಪುಡಿ ಕಲಸಿ. ನಾಲ್ಕು ಬಿಳಿ ಬಟ್ಟಲು ತಗೊಂಡು ನಾಲ್ಕು ಮೊಲೆಯ ಹಾಲನ್ನು ಬೇರೆ ಬೇರೆ ಹಿಂಡಿ. ಮೊದಲ ಎರಡು ಮೂರು ಧಾರೆ ಬೇಡ, ಆಮೇಲಿನದು ಹಿಡಿಯಿರಿ. ಹಾಲು ಎಷ್ಟೋ ಸೋಪಿನ ನೀರೂ ಅಷ್ಟೇ ಹಾಕಿ ಬಟ್ಟಲನ್ನು ಮೆಲ್ಲಗೆ ತಿರುಗಿಸಿ. ಚೆನ್ನಾಗಿರುವ ಹಾಲು ನೀರಿನ ಹಾಗೆ ಓಡಾಡುತ್ತೆ. ಕೆಟ್ಟದ್ದು ಲೋಳೆ ಲೋಳೆ ಆಗುತ್ತೆ, ಬೆಂಡೆಕಾಯಿ ಹೆಚ್ಚಿ ನೀರಿಗೆ ಹಾಕಿದ ಹಾಗೆ. ನಮ್ಮ ಹಸುವಿನ ಮೂರು ಬಟ್ಟಲು ನೀರು, ಒಂದು ಬಟ್ಟಲು ಬೆಂಡೆಕಾಯಿ. ನೋಡಿದ ತಕ್ಷಣ ಮೈ ಜುಂ ಅಂತು. ಅಷ್ಟು ದಿನ ಆ ಹಾಲು ಮಕ್ಕಳಿಗೆ ಕೊಟ್ಟಿದ್ದೆ.

ಪರೀಕ್ಷೆ ಮಾಡಿದ ಹಾಲು ಚೆಲ್ಲಿಬಿಡಿ, ಅಪ್ಪಿತಪ್ಪಿ ಕ್ಯಾನಿಗೆ ಹಾಕಬೇಡಿ.

ಗೌರಿಬಿದನೂರು_ಗಿರಿ
ಸೋಪಿಗೂ ರೋಗಕ್ಕೂ ಏನು ಸಂಬಂಧ? ಸುಮ್ನೆ ಹೇಳಬೇಡಿ.

ಹಳೇ_ಡಾಕ್ಟ್ರು
ಸಂಬಂಧ ಇದೆ. ಸೋಪು ಆ ಬಿಳಿ ಕಣಗಳ ಹೊರಪೊರೆ ಒಡೆಯುತ್ತೆ. ಒಳಗಿನ ಡಿಎನ್‌ಎ ಹೊರಗೆ ಬಂದು ಒಂದಕ್ಕೊಂದು ಸುತ್ತಿಕೊಂಡು ಲೋಳೆಯಾಗುತ್ತೆ. ಕಣ ಜಾಸ್ತಿ ಇದ್ದಷ್ಟೂ ಲೋಳೆ ಗಟ್ಟಿ. ಆಸ್ಪತ್ರೆಯಲ್ಲಿ ಮಾಡುವ ಸಿಎಂಟಿ ಕೂಡ ಇದೇ ತತ್ವ. ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್, 1957ರಷ್ಟು ಹಳೆಯದು, ಇವತ್ತಿಗೂ ಕೊಟ್ಟಿಗೆಯಲ್ಲಿ ನಿಂತು ಮಾಡಲು ಅದಕ್ಕಿಂತ ಸುಲಭದ್ದು ಇಲ್ಲ. ನಾಲ್ಕು ಗುಳಿ ಇರುವ ಒಂದು ತಟ್ಟೆ, ಒಂದು ಬಾಟಲಿ ದ್ರಾವಣ, ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.

ಮಾಲೂರಮ್ಮ ಸರಿಯಾಗಿ ಹೇಳಿದ್ದಾರೆ, ಒಂದು ಸೇರಿಸುತ್ತೇನೆ. ಕರು ಹಾಕಿದ ಮೊದಲ ವಾರದಲ್ಲಿ, ಆಮೇಲೆ ಹಾಲು ಬತ್ತುವ ಹೊತ್ತಿನಲ್ಲಿ ಈ ಪರೀಕ್ಷೆ ನಂಬಬೇಡಿ. ಆಗ ಚೆನ್ನಾಗಿರುವ ಹಸುವೂ ಲೋಳೆ ತೋರಿಸುತ್ತೆ. ಆದರೆ ನಾಲ್ಕೂ ಬಟ್ಟಲು ಒಂದೇ ತರ ತೋರಿಸುತ್ತೆ. ಒಂದು ಮಾತ್ರ ಬೇರೆ ಕಂಡರೆ ಆಗ ಯೋಚನೆ ಮಾಡಿ.

ರಾಗಿಹುಲ್ಲು
ಹಂಗಾದ್ರೆ ಡೈರಿಯ ಮಷೀನ್‌ನಲ್ಲಿ ಇದು ಯಾಕೆ ಸಿಗಲ್ಲ?

ಮುಳಬಾಗಿಲು_ಮಂಜ
ಮೂರು ಹಸು, ಹನ್ನೆರಡು ಮೊಲೆ, ಒಂದು ಕ್ಯಾನು. ಹನ್ನೊಂದು ಚೆನ್ನಾಗಿದ್ದರೆ ಹನ್ನೆರಡನೆಯದು ಅದರೊಳಗೆ ಮುಚ್ಚಿಹೋಗುತ್ತೆ. ಮಷೀನ್‌ಗೆ ಬರೀ ಎಸ್‌ಎನ್‌ಎಫ್ ಕಾಣುತ್ತೆ, ಮೊಲೆ ಕಾಣಲ್ಲ.

ಬಂಗಾರಪೇಟೆ_ಪುಟ್ಟ
ನಾನು ಮೆಡಿಕಲ್ ಸ್ಟೋರಿನಿಂದ ಆಂಟಿಬಯೋಟಿಕ್ ಟ್ಯೂಬ್ ತಂದು ನಾನೇ ತೊಟ್ಟಿಗೆ ಹಾಕಿದೆ. ಎರಡು ದಿನ ಹಾಕಿದೆ, ಹಾಲು ಜಾಸ್ತಿ ಆಯಿತು, ನಿಲ್ಲಿಸಿದೆ. ಇಪ್ಪತ್ತು ದಿನಕ್ಕೆ ಅದೇ ಮೊಲೆಯಲ್ಲಿ ಕೀವು. ಟ್ಯೂಬ್ ಹಾಕಿದ ವಾರ ಮನೆಯಲ್ಲಿ ಮೊಸರೂ ಸರಿಯಾಗಿ ಹೆಪ್ಪಾಗಲಿಲ್ಲ. ನನ್ನ ಹೆಂಡತಿ ಹೆಪ್ಪು ಕೆಟ್ಟಿದೆ ಅಂತ ಮೂರು ಮನೆಯಿಂದ ತಂದು ಹಾಕಿದಳು. ಆಗಲೇ ಇಲ್ಲ.

ಹಳೇ_ಡಾಕ್ಟ್ರು
ಪುಟ್ಟಣ್ಣ, ಹೆಪ್ಪು ಕೆಟ್ಟಿರಲಿಲ್ಲ. ಹಾಲಿನಲ್ಲಿ ಔಷಧಿ ಇತ್ತು. ಆಂಟಿಬಯೋಟಿಕ್ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ. ಅದಕ್ಕೇ ಔಷಧಿ ಹಾಕಿದ ಮೇಲೆ ಪೆಟ್ಟಿಗೆ ಮೇಲೆ ಬರೆದಷ್ಟು ದಿನ ಹಾಲು ಡೈರಿಗೂ ಹಾಕಬಾರದು, ಮನೆಗೂ ಬಳಸಬಾರದು. ಬರೀ ಒಂದು ಮೊಲೆಗೆ ಹಾಕಿದ್ದು ಅಂತ ಮಿಕ್ಕ ಮೂರರ ಹಾಲು ಹಾಕುವವರಿದ್ದಾರೆ, ಅದೂ ತಪ್ಪು.

ಸ್ಟ್ಯಾಫಿಲೊಕಾಕಸ್ ಆರಿಯಸ್ ಅಂತ ಒಂದಿದೆ, ಅದು ಕೆಚ್ಚಲಿನೊಳಗೆ ಗೂಡು ಕಟ್ಟಿಕೊಂಡು ಕೂರುತ್ತೆ. ಎರಡು ದಿನ ಟ್ಯೂಬ್ ಹಾಕಿ ನಿಲ್ಲಿಸಿದರೆ ಮೇಲ್ಮೇಲಿಂದು ಸಾಯುತ್ತೆ, ಒಳಗಿನದು ಗಟ್ಟಿಯಾಗುತ್ತೆ. ಆಮೇಲೆ ಆ ಔಷಧಿ ಕೆಲಸಕ್ಕೇ ಬರಲ್ಲ. ಮೊದಲು ಹಾಲನ್ನು ಲ್ಯಾಬಿಗೆ ಕಳಿಸಿ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

ಗೌರಿಬಿದನೂರು_ಗಿರಿ
ಕೈಯಲ್ಲಿ ಹಿಂಡಿದರೆ ಇದೆಲ್ಲ ತಪ್ಪಿದ್ದಲ್ಲ. ಹಾಲು ಕರೆಯುವ ಮಷೀನ್ ಹಾಕಿಸಿ.

ಮಾಲೂರಮ್ಮ
ಮಷೀನ್ ತೊಳೆಯುವುದು ಯಾರು? ನಮ್ಮ ಪಕ್ಕದ ಮನೆಯಲ್ಲಿ ಮಷೀನ್ ಇದೆ, ರಬ್ಬರ್ ಬಿರುಕು ಬಿಟ್ಟು ಒಂದು ವರ್ಷ ಆಯಿತು, ಬದಲಾಯಿಸಿಲ್ಲ. ಹಾಲು ಮುಗಿದ ಮೇಲೂ ಫೋನ್ ನೋಡಿಕೊಂಡು ಹಾಗೇ ಬಿಟ್ಟಿರುತ್ತಾರೆ. ಆ ಮನೆಯಲ್ಲೇ ಜಾಸ್ತಿ ಕೆಚ್ಚಲು ಬಾವು.

ಶಿರಾ_ಸೀನ
ಮಂಜಣ್ಣ, ಮುಂದಿನ ವಾರ ನಿಮ್ಮೂರ ಕಡೆ ಬರ್ತಿದ್ದೀನಿ. ದೋಸೆ ಎಲ್ಲಿ ಚೆನ್ನಾಗಿರುತ್ತೆ?

ಮುಳಬಾಗಿಲು_ಮಂಜ
ನಮ್ಮೂರಲ್ಲಿ ಎಲ್ಲಿ ತಿಂದರೂ ಚೆನ್ನಾಗಿರುತ್ತೆ. ಈಗ ಹಸು ವಿಷಯಕ್ಕೆ ಬಾ.

ಕೈವಾರದಕ್ಕ
ನಿನ್ನೆ ಸಂಜೆ ಮಾಡಿದೆ. ಮೊದಲು ಗೌರಿ. ಮುಂದಿನ ಎರಡೂ ನೀರು. ಬಲ ಹಿಂದಿನದು ನೀರು. ಎಡ ಹಿಂದಿನದಕ್ಕೆ ಸೋಪಿನ ನೀರು ಬಿದ್ದ ತಕ್ಷಣ ಗಟ್ಟಿಯಾಗಿ ಬಟ್ಟಲಿನ ಮಧ್ಯಕ್ಕೆ ಬಂದು ಗುಡ್ಡೆ ಕಟ್ಟಿತು. ಮಾಲೂರಮ್ಮ, ಬೆಂಡೆಕಾಯಿ ಅಲ್ಲ, ಅದಕ್ಕಿಂತ ಮೇಲೆ. ನಮ್ಮ ಮಾವ ಪಕ್ಕದಲ್ಲೇ ನಿಂತಿದ್ದರು, "ನಾನು ಹೇಳಲಿಲ್ವಾ" ಅಂದರು. ಇನ್ನು ಒಂದು ವರ್ಷ ಇದನ್ನೇ ಕೇಳಬೇಕು ನಾನು.

ಚಿನ್ನು ನಾಲ್ಕೂ ಚೆನ್ನಾಗಿದೆ. ಆದರೆ ಲಕ್ಷ್ಮಿದೂ ಬಲ ಮುಂದಿನದು ಸ್ವಲ್ಪ ಲೋಳೆ ಬಂತು. ಅವಳ ಹಾಲು ಕಮ್ಮಿ ಆಗಿಲ್ಲ, ಉಪ್ಪೂ ಇಲ್ಲ. ಅವಳಿಗೆ ಹೇಗೆ ಬಂತು?

ಹಳೇ_ಡಾಕ್ಟ್ರು
ಯಾವ ಹಸು ಮೊದಲು ಹಿಂಡುತ್ತೀರಿ? ಕೆಚ್ಚಲು ಒರೆಸುವ ಬಟ್ಟೆ ಎಷ್ಟು?

ಕೈವಾರದಕ್ಕ
ಮೊದಲು ಗೌರಿ, ಜಾಸ್ತಿ ಹಾಲು ಅವಳದೇ ಅಲ್ವಾ. ಆಮೇಲೆ ಲಕ್ಷ್ಮಿ, ಕೊನೆಗೆ ಚಿನ್ನು. ಬಟ್ಟೆ ಒಂದೇ. ಓ. ಅರ್ಥ ಆಯಿತು ಸಾರ್.

ಹಳೇ_ಡಾಕ್ಟ್ರು
ಅಷ್ಟೇ. ಇವತ್ತಿನಿಂದಲೇ ಸಾಲು ತಿರುಗಿಸಿ. ಮೊದಲು ಚಿನ್ನು, ಆಮೇಲೆ ಲಕ್ಷ್ಮಿ, ಕೊನೆಗೆ ಗೌರಿ. ಗೌರಿಯಲ್ಲೂ ಆ ಎಡ ಹಿಂದಿನದು ಎಲ್ಲಕ್ಕಿಂತ ಕೊನೆಗೆ, ಅದರ ಹಾಲು ಬೇರೆ ಪಾತ್ರೆಗೆ. ಆ ಹಾಲನ್ನು ಕೊಟ್ಟಿಗೆ ನೆಲಕ್ಕೆ ಚೆಲ್ಲಬೇಡಿ, ಕರುವಿಗೂ ಬೇಡ. ಒಂದೊಂದು ಹಸುವಿಗೂ ಒಂದೊಂದು ಬಟ್ಟೆ, ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿದ್ದು. ಹಿಂಡಿದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ತೊಟ್ಟಿಗೆ ಅಂತಲೇ ಗ್ಲಿಸರಿನ್ ಸೇರಿಸಿ ಮಾಡಿದ್ದು ಸಿಗುತ್ತೆ, ಅದನ್ನೇ ತನ್ನಿ.

ಹಿಂಡಿದ ಮೇಲೆ ತೊಟ್ಟಿನ ತೂತು ಮುಚ್ಚಿಕೊಳ್ಳಲು ಅರ್ಧ ಗಂಟೆ, ಒಂದು ಗಂಟೆ ಬೇಕು. ಅಷ್ಟರಲ್ಲಿ ಹಸು ಸಗಣಿ ಗಂಜಲದ ಮೇಲೆ ಮಲಗಿದರೆ ಬಾಗಿಲು ತೆರೆದು ಕರೆದ ಹಾಗೆ. ಹುಲ್ಲು ಹಿಂಡುವ ಮುಂಚೆ ಹಾಕುವ ಬದಲು ಹಿಂಡಿದ ಮೇಲೆ ಹಾಕಿ. ತಿನ್ನುತ್ತಾ ನಿಂತಿರುತ್ತೆ.

ಔಷಧಿ ವಿಷಯ ನಿಮ್ಮ ಡಾಕ್ಟರ್ ಜೊತೆ ಮಾತಾಡಿ. ಗುಪ್ತ ಬಾವಿಗೆ ಹಾಲು ಕೊಡುತ್ತಿರುವಾಗಲೇ ಆಂಟಿಬಯೋಟಿಕ್ ಹಾಕುವುದು ಎಷ್ಟೋ ಸಲ ದುಡ್ಡೂ ದಂಡ, ಹಾಲೂ ದಂಡ. ಹಾಲು ಬತ್ತಿಸುವಾಗ ನಾಲ್ಕೂ ಮೊಲೆಗೆ ನಿಧಾನವಾಗಿ ಕರಗುವ ಟ್ಯೂಬ್ ಹಾಕಿದರೆ ಕೆಲಸ ಜಾಸ್ತಿ ಮಾಡುತ್ತೆ. ಗೌರಿ ಈಗ ಗಬ್ಬವಾ?

ಕೈವಾರದಕ್ಕ
ಹೌದು, ಆರು ತಿಂಗಳು.

ಹಳೇ_ಡಾಕ್ಟ್ರು
ಹಾಗಾದರೆ ದೂರ ಇಲ್ಲ. ಕರು ಹಾಕುವ ಎರಡು ತಿಂಗಳ ಮುಂಚೆ ಬತ್ತಿಸಬೇಕು, ಆ ದಿನ ಡಾಕ್ಟರ್ ಕೈಯಲ್ಲೇ ಹಾಕಿಸಿ. ಅಲ್ಲಿವರೆಗೆ ಲಕ್ಷ್ಮಿಯನ್ನು ಹದಿನೈದು ದಿನಕ್ಕೊಮ್ಮೆ ಬಟ್ಟಲಲ್ಲಿ ನೋಡುತ್ತಿರಿ.

ಹೊಸ_ಸೊಸೆ (ಶ್ರೀನಿವಾಸಪುರ)
ಅಕ್ಕ ಒಂದು ಕೇಳಲಾ? ನಿಮ್ಮ ಮನೆಯಲ್ಲಿ ಹಿಂಡುವುದು ಯಾರು? ಹೆಬ್ಬೆರಳು ಮಡಚಿ ಅದರ ಗೆಣ್ಣಿನಿಂದ ತೊಟ್ಟು ಒತ್ತುತ್ತಾರಾ? ನಮ್ಮ ಮನೆಯವರು ಹಾಗೇ ಹಿಂಡುತ್ತಿದ್ದರು. ಅದರಿಂದ ತೊಟ್ಟಿನ ಒಳಗೆ ಗಾಯ ಆಗುತ್ತೆ, ಮುಷ್ಟಿ ಹಿಡಿದು ಹಿಂಡಬೇಕು ಅಂತ ಡಾಕ್ಟರಮ್ಮ ಬೈದರು.

ಕೈವಾರದಕ್ಕ
ಬೆಳಗ್ಗೆ ನಾನು, ಸಂಜೆ ನಮ್ಮ ಯಜಮಾನರು. ಅವರದು ಹೆಬ್ಬೆರಳೇ. ಇವತ್ತು ಗೌರಿ ಎಡ ಹಿಂದಿನ ತೊಟ್ಟು ಬೆರಳಲ್ಲಿ ಹಿಡಿದು ನೋಡಿದೆ, ಒಳಗೆ ಒಂದು ಗಂಟು, ರಾಗಿ ಕಾಳಿನಷ್ಟು. ಅವರು ಕೂರುವ ಜಾಗದಿಂದ ಆ ಮೊಲೆ ದೂರ, ಕೈ ಚಾಚಿ ಎಳೆದೆಳೆದು ಹಿಂಡುತ್ತಾರೆ. ಹೇಳಿದರೆ "ಇಪ್ಪತ್ತು ವರ್ಷದಿಂದ ಹಿಂಗೇ ಹಿಂಡ್ತಿರೋದು" ಅಂತಾರೆ.

ಶಿರಾ_ಸೀನ
ಈ ಮಾತಿಗೆ ಔಷಧಿ ಇಲ್ಲ ಅಕ್ಕ.

ರಾಗಿಹುಲ್ಲು
ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುತ್ತಾರಲ್ಲ, ಅದು ಕೆಲಸ ಮಾಡುತ್ತಾ? ನಮ್ಮ ಕಡೆ ಬಹಳ ಜನ ಹಚ್ಚುತ್ತಾರೆ.

ಹಳೇ_ಡಾಕ್ಟ್ರು
ಎನ್‌ಡಿಡಿಬಿಯವರೂ (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ಅದನ್ನು ಹೇಳಿಕೊಡುತ್ತಾರೆ. ಲೋಳೆಸರ 250 ಗ್ರಾಂ, ಅರಿಶಿನ 50, ಎಲೆಅಡಿಕೆಗೆ ಹಾಕುವ ಸುಣ್ಣ 15 ಗ್ರಾಂ. ನುಣ್ಣಗೆ ಅರೆದು, ನೀರು ಸೇರಿಸಿ ತೆಳ್ಳಗೆ ಮಾಡಿ, ತೊಳೆದ ಕೆಚ್ಚಲಿಗೆ ದಿನಕ್ಕೆ ಎಂಟು ಹತ್ತು ಸಲ. ಹಚ್ಚಿ, ಬೇಡ ಅನ್ನಲ್ಲ. ಆದರೆ ಹಚ್ಚಿದ ಮೇಲೆ ಮತ್ತೆ ಬಟ್ಟಲಲ್ಲಿ ನೋಡಿ. ಬೇವಿನ ಕಡ್ಡಿ, ಗರಿ ಅಂತ ತೊಟ್ಟಿನ ತೂತಿಗೆ ತೂರಿಸುವವರನ್ನು ಮಾತ್ರ ಕೊಟ್ಟಿಗೆ ಹತ್ತಿರ ಸೇರಿಸಬೇಡಿ. ಹಾಗೆ ಮಾಡಿ ಇಡೀ ಮೊಲೆ ಕಲ್ಲಾದ ಹಸುಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

ಬಂಗಾರಪೇಟೆ_ಪುಟ್ಟ
ಇಷ್ಟೆಲ್ಲಾ ಮಾಡಿದರೆ ಗಿಟ್ಟುತ್ತಾ ಸಾರ್? ಎರಡು ಹಸು ಇಟ್ಟುಕೊಂಡವನು ಬಟ್ಟಲು, ಅಯೋಡಿನ್, ಲ್ಯಾಬು ಅಂತ ಓಡಾಡುತ್ತಾ ಕೂರಲು ಆಗುತ್ತಾ?

ಮುಳಬಾಗಿಲು_ಮಂಜ
ಅಕ್ಕನ ಲೆಕ್ಕವನ್ನೇ ತಗೋ. ಬೆಳಗ್ಗೆ ಒಂದರಲ್ಲೇ ಒಂದೂವರೆ ಲೀಟರ್ ಹೋಗಿದೆ. ತಿಂಗಳಿಗೆ 45 ಲೀಟರ್. ಡೈರಿ ರೇಟು ಒಂದು ಕಡೆ ಇರಲಿ, ಸರ್ಕಾರದ ಪ್ರೋತ್ಸಾಹಧನವೂ ಲೀಟರ್ ಲೆಕ್ಕವೇ. ಅದೂ ಹೋಯಿತು. ಸೋಪಿನ ಪುಡಿ ಎಷ್ಟಾಗುತ್ತೆ ನೀನೇ ಹೇಳು. ಟೊಮೆಟೊ ಬೆಳೆದು ರೇಟಿಲ್ಲ ಅಂತ ರಸ್ತೆಗೆ ಸುರಿದಾಗಲೂ ನಮ್ಮನ್ನು ಉಳಿಸಿದ್ದು ಹಾಲಿನ ಬಟವಾಡೆಯೇ ಅಲ್ವಾ.

ಬಂಗಾರಪೇಟೆ_ಪುಟ್ಟ
ಟೊಮೆಟೊ ಸುದ್ದಿ ಎತ್ತಬೇಡ, ಊಟ ಸೇರಲ್ಲ.

ಕೈವಾರದಕ್ಕ
ಹನ್ನೆರಡು ದಿನ ಆಯಿತು, ಹೇಳೋಣ ಅಂತ ಬಂದೆ. ಎಡ ಹಿಂದಿನ ಮೊಲೆಯ ಹಾಲು ಕ್ಯಾನಿಗೆ ಹಾಕುತ್ತಿಲ್ಲ. ನಿನ್ನೆ ಎಸ್‌ಎನ್‌ಎಫ್ 8.4. ಡೈರಿಯಲ್ಲಿ ಆ ಮನುಷ್ಯ ಚೀಟಿ ನೋಡಿ "ನೀರು ನಿಲ್ಲಿಸಿದ್ರಾ" ಅಂದರು. ನಾಲ್ಕು ಬಟ್ಟಲು, ಸೋಪಿನ ನೀರು, ಗೌರಿ ಹಾಲು ಎಲ್ಲ ತಗೊಂಡು ಇವತ್ತು ಅಲ್ಲೇ ಸಾಲಿನ ಮುಂದೆ ಮಾಡಿ ತೋರಿಸಿದೆ. ಯಾರೂ ಮಾತಾಡಲಿಲ್ಲ. ಆಮೇಲೆ ಐದು ಜನ ಮನೆ ತನಕ ಬಂದು ಪುಡಿ ಎಷ್ಟು, ನೀರು ಎಷ್ಟು ಅಂತ ಕೇಳಿಕೊಂಡು ಹೋದರು. ಅದರಲ್ಲಿ ಇಬ್ಬರು ಅವತ್ತು ಸಾಲಿನಲ್ಲಿ ನಕ್ಕವರು.

ಗೌರಿಯ ಹಾಲನ್ನು ಲ್ಯಾಬಿಗೆ ಕೊಟ್ಟಿದ್ದೇವೆ. ಲಕ್ಷ್ಮಿದು ಈ ಸಲ ಲೋಳೆ ಬರಲಿಲ್ಲ. ಯಜಮಾನರು ಮುಷ್ಟಿ ಕಟ್ಟಿ ಹಿಂಡಲು ಶುರು ಮಾಡಿದ್ದಾರೆ, ಕೈ ನೋವು ಅಂತ ಗೊಣಗುತ್ತಾರೆ. ಮಾವ ಈಗ ಮೂರು ಹಸುವಿನ ಹಾಲಲ್ಲೂ ಬೇರೆ ಬೇರೆ ಕಾಫಿ ಮಾಡಿಕೊಡು, ನಾನೇ ಪರೀಕ್ಷೆ ಮಾಡುತ್ತೇನೆ ಅಂತಾರೆ. ದಿನಕ್ಕೆ ಆರು ಲೋಟ ಆಗಿದೆ.

ಹಳೇ_ಡಾಕ್ಟ್ರು
ಕಾಯಿಸಿದ ಹಾಲಾದರೆ ಸರಿ. ಹಸಿ ಹಾಲು ನೆಕ್ಕಿ ನೋಡುವುದು ಬೇಡ ಅಂತ ಹೇಳಿ, ಬ್ರುಸೆಲ್ಲೋಸಿಸ್ (ಹಸಿ ಹಾಲಿನಿಂದ ಮನುಷ್ಯರಿಗೂ ಹರಡುವ ರೋಗ) ಇದ್ದರೆ ಕಷ್ಟ. ಆಮೇಲೆ ಮುಂದಿನ ಸಲ ಆ ಹಾಲನ್ನು ಡೈರಿ ತನಕ ಹೊತ್ತುಕೊಂಡು ಹೋಗಬೇಡಿ, ಅವರನ್ನೇ ಕೊಟ್ಟಿಗೆಗೆ ಕರೆಯಿರಿ.

ತಿಪಟೂರು_ತೆಂಗು
ಇದನ್ನು ಎಮ್ಮೆಗೂ ಮಾಡಬಹುದಾ? ನಮ್ಮ ಮನೆಯವಳು ಕೇಳಿದಳು, ನಾನಲ್ಲ.

ಮಾಲೂರಮ್ಮ
ಮಾಡಬಹುದು ಅಣ್ಣ. ಬಟ್ಟಲು ಮಾತ್ರ ಬಿಳಿದು ತಗೊಳ್ಳಿ, ಸ್ಟೀಲಿನದರಲ್ಲಿ ಲೋಳೆ ಸರಿಯಾಗಿ ಕಾಣಲ್ಲ.